ಹನ್ನೆರಡಕ್ಕೆ ಎಂಟು

ಹೆಣ್ಣು ನೋಡಲು ಬಂದವರು ನಮ್ಮೂರಿನಲ್ಲಿ ಮೊದಲು ಕೇಳುವುದು ಜಾತಕವನ್ನಲ್ಲ. ಹುಡುಗಿಯ ಪಟ ಎಲ್ಲಾದರೂ ಅಚ್ಚಾಗಿದೆಯೇ, ಆಗಿದ್ದರೆ ಎಷ್ಟು ದೊಡ್ಡದು ಎಂದು ಕೇಳುತ್ತಾರೆ. ರೇಷನ್ ಕಾರ್ಡು ಬಿಟ್ಟರೆ ಬೇರೆಲ್ಲೂ ಇಲ್ಲ ಎಂದರೆ ಗಂಡಿನ ತಾಯಿಗೆ ನೆಮ್ಮದಿ. ಸೊಸೆಯ ದನಿ ಅಡುಗೆಮನೆಯಿಂದ ಪಡಸಾಲೆಗೆ ಬಂದರೆ ಸಾಕು, ಬೀದಿಗೆ ಬರುವುದು ಬೇಡ ಎಂಬುದು ಅವರ ಆಸೆ. ನನ್ನತ್ತೆಯೂ ಹಾಗೇ ಕೇಳಿದ್ದರು. ನನ್ನ ಪಟ ಹೆಬ್ಬೆರಳಿನ ಅಗಲ ಮೀರಿ ಎಲ್ಲೂ ಅಚ್ಚಾಗಿರಲಿಲ್ಲ, ಹಾಗಾಗಿ ಮಾತು ಮುಗಿಯಿತು. ಊರಿನವರ ಪಟಗಳನ್ನೆಲ್ಲ ಅಳೆದು ಅಚ್ಚಿಗೆ ಕಳಿಸುವವಳು ನಾನೇ ಎಂಬುದು ಅವರಿಗೆ ಮದುವೆಯಾದ ಮೇಲೆ ಸರಿಯಾಗಿ ಅರ್ಥವಾಯಿತು. ಅಂದಿನಿಂದ ನನ್ನೊಡನೆ ಸ್ವಲ್ಪ ಜೋಪಾನವಾಗಿ ಮಾತಾಡುತ್ತಾರೆ.

ಬಸ್ ಸ್ಟ್ಯಾಂಡಿನ ಎದುರು ನನ್ನದೊಂದು ಡಿಟಿಪಿ ಅಂಗಡಿ. ಒಂದು ಕಂಪ್ಯೂಟರು, ಒಂದು ಪ್ರಿಂಟರು, ಗೋಡೆಗೆ ತೂಗುಹಾಕಿದ ಒಂದು ಟೇಪು. ಬೇರೆ ಊರಿನಲ್ಲಿ ಈ ಕೆಲಸ ಮಾಡುವವರು ಅಳತೆ ತಪ್ಪಿದರೆ ಬೈಸಿಕೊಂಡು ಇನ್ನೊಂದು ಪ್ರಿಂಟು ತೆಗೆಯುತ್ತಾರೆ. ನಮ್ಮಲ್ಲಿ ಹಾಗಿಲ್ಲ. ಕಂಟ್ರಾಕ್ಟರ್ ವೀರಭದ್ರಪ್ಪನವರು ಚೌಕದ ಪಟವನ್ನು ಅಡ್ಡಕ್ಕೆ ಎಳೆದು ಬ್ಯಾನರಿನ ತುಂಬ ಮಾಡು ಎಂದು ಹಟ ಹಿಡಿದರು. ಬೇಡ ಎಂದೆ, ಕೇಳಲಿಲ್ಲ. ಆ ಬ್ಯಾನರು ಇಳಿಯುವವರೆಗೆ ಅವರು ಒಂದು 'ಬನ್ನಿ' ಹೇಳಿ ಮುಗಿಸುವಷ್ಟರಲ್ಲಿ ಬಂದವರು ಕೂತು ಕಾಫಿ ಕುಡಿದಿರುತ್ತಿದ್ದರು. ಬೇರೆ ಊರಿನಲ್ಲಿ ಮಾಡಿಸಿ ತಂದ ಲಗ್ನಪತ್ರಿಕೆಯೊಂದರಲ್ಲಿ ಕಟಿಂಗಿಗೆ ಅಂಚು ಬಿಟ್ಟಿರಲಿಲ್ಲ. ಮದುಮಗನ ಪಟದ ಒಂದು ಪಕ್ಕ ಬ್ಲೇಡಿಗೆ ಹೋಯಿತು. ಪಾಪ, ಆತನ ಪ್ರತಿ ಮಾತಿನ ಬಾಲವೂ ಕತ್ತರಿಸಿ ಹೋಗಿ, ಬೀಗರು ಅವನು ಇನ್ನೂ ಏನೋ ಹೇಳುತ್ತಾನೆಂದು ಬಾಯಿ ನೋಡುತ್ತ ಕಾಯುತ್ತಿದ್ದರು. ಇನ್ನು ಚುನಾವಣೆ ಬಂದರಂತೂ ಕೇಳಲೇಬೇಡಿ. ಇಪ್ಪತ್ತು ಅಡಿಯ ಫ್ಲೆಕ್ಸಿನವರು ಒಮ್ಮೆ ಸೀನಿದರೆ ನನ್ನ ಅಂಗಡಿಯ ಶಟರು ನಡುಗುತ್ತದೆ. ಅವರ ಹೆಂಡತಿಯರು ಕಿವಿಗೆ ಹತ್ತಿ ಇಟ್ಟುಕೊಂಡು ತವರಿಗೆ ಹೋಗಿಬಿಡುತ್ತಾರೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರಲ್ಲ, ನಮ್ಮೂರಿನವರು ಅದರ ಜೊತೆಗೆ ಅಚ್ಚಾದರೆ ಹೋಯಿತು ಎಂದು ಸೇರಿಸುತ್ತಾರೆ. ಫೋನಿನಲ್ಲಿ ಎಷ್ಟು ಪಟ ಹಾಕಿಕೊಂಡರೂ ಏನೂ ಆಗುವುದಿಲ್ಲ. ಕಾಗದಕ್ಕೋ ಬಟ್ಟೆಗೋ ತಗಡಿಗೋ ಬಿದ್ದ ಪಟಗಳಲ್ಲಿ ಯಾವುದು ದೊಡ್ಡದೋ ಅದೇ ಅವರ ದನಿ.

ಇಷ್ಟೆಲ್ಲ ಕಂಡ ಮೇಲೆ ಹೆದರದೆ ಇರಲಾದೀತೇ? ಮೊದಲೇ ನಾನು ಹುಟ್ಟಾ ಪುಕ್ಕಲಿ. ಅಳತೆಯನ್ನು ಒಮ್ಮೆ ನೋಡಿ, ಮತ್ತೆ ನೋಡಿ, ಫೈಲು ಕಳಿಸಿದ ಮೇಲೂ ಟೇಪು ಹಿಡಿದು ಗೋಡೆ ಅಳೆಯುತ್ತ ನಿಲ್ಲುವವಳು. ಅಂಥವಳ ತಲೆಗೆ ಈ ವರ್ಷ ಕೂಗುವವಳ ಪಟ ಬಂದು ಬಿತ್ತು.

ನಮ್ಮೂರಿಗೂ ಆಚೆ ದಡಕ್ಕೂ ನಡುವೆ ಹೊಳೆ. ಹಾಲು, ಹೂವು, ತರಕಾರಿ ಎಲ್ಲವೂ ಬೆಳಗಿನ ದೋಣಿಯಲ್ಲೇ ಬರಬೇಕು. ಮಂಜಿನ ಕಾಲದಲ್ಲಿ ಹೊಳೆಯ ಮೇಲೆ ಕೈ ಚಾಚಿದರೆ ಕೈ ಕಾಣುವುದಿಲ್ಲ. ಬರುವ ದೋಣಿಗೆ ಎಡಕ್ಕೆ ಆನೆಬಂಡೆ, ಬಲಕ್ಕೆ ಮುರಿದ ಸೇತುವೆಯ ಕಂಬಗಳು, ಎರಡರ ನಡುವೆ ದೋಣಿ ಬರಬೇಕು. ದೋಣಿಯವನು ತಗಡು ಬಡಿಯುತ್ತಾನೆ. ದೋಣಿ ನಿಲ್ಲುವ ಕಡವಿನ ಕಟ್ಟೆಯ ಮೇಲೆ ನಿಂತ ಕೂಗುವವಳು ಸದ್ದು ಎಲ್ಲಿಂದ ಬಂತೆಂದು ಕಿವಿಗೊಟ್ಟು, ಬಲಕ್ಕೆ ತಿರುಗು, ಎಡಕ್ಕೆ ತಿರುಗು, ನೇರ ಬಾ ಎಂದು ಕೂಗುತ್ತಾಳೆ. ಫೋನು ಇದಕ್ಕೆ ಆಗಿಬರುವುದಿಲ್ಲ. ಆಚೆ ದಡದಲ್ಲಿ ಸಿಗ್ನಲ್ ಇಲ್ಲ. ಇದ್ದರೂ ಕಿವಿಯೊಳಗೆ ಮಾತಾಡುವ ಫೋನು ದಡ ಯಾವ ದಿಕ್ಕಿಗಿದೆ ಎಂದು ಹೇಳಲಾರದು. ಕಟ್ಟೆಯ ಮೇಲೆ ಕೂಗುವವಳ ಪಟ, ಹನ್ನೆರಡು ಅಡಿ ಅಗಲ, ಎಂಟು ಅಡಿ ಎತ್ತರ. ಅದಕ್ಕಿಂತ ಚಿಕ್ಕದಾದರೆ ದನಿ ನಡುನೀರಿಗೆ ಮುಟ್ಟುವುದಿಲ್ಲ. ದೊಡ್ಡದಾದರೆ ಆನೆಬಂಡೆಗೆ ಬಡಿದು ಹಿಂದಿರುಗುತ್ತದೆ. ಹಿಂದೊಮ್ಮೆ ಯಾರೋ ಉತ್ಸಾಹಿಗಳು ದೊಡ್ಡ ಪಟ ಕಟ್ಟಿದ್ದರಿಂದ ದೋಣಿ ಬಂಡೆಯ ಮಾತನ್ನು ನಂಬಿ ಅತ್ತ ತಿರುಗಿತಂತೆ. ಹೂವಿನ ಬುಟ್ಟಿಗಳು ತೇಲಿ ಬಂದವು, ಬುಟ್ಟಿ ಹೊತ್ತವರು ಬರಲಿಲ್ಲ. ಆ ಕತೆ ಕೇಳದೆ ನಮ್ಮೂರಿನಲ್ಲಿ ಯಾರೂ ಬೆಳೆದಿಲ್ಲ.

ದೇವೀರಮ್ಮಜ್ಜಿ ತುಂಬ ಕಾಲ ಕೂಗಿದಳು. ಹಳೆಯ ಪೇಂಟರೊಬ್ಬರು ತಗಡಿನ ಮೇಲೆ ಕೈಯಿಂದಲೇ ಬರೆದ ಪಟ ಅವಳದು. ಮಂಡಿ ನೋವಿನಿಂದ ಕಟ್ಟೆ ಹತ್ತಲಾಗದೆ ಈ ವರ್ಷ ಸಾಕೆಂದಳು. ಪಟ ಇಳಿದ ಸಂಜೆ ನನ್ನ ಅಂಗಡಿಗೇ ಬಂದು ಸ್ಟೂಲಿನ ಮೇಲೆ ಕೂತು, "ಮೊಮ್ಮಗನ ಕಿವಿಲಿ ಗುಟ್ಟು ಹೇಳ್ದೆ ಕಣವ್ವ ಇವತ್ತು. ಊರ್ಗೆಲ್ಲ ಕೇಳ್ನಿಲ್ಲ," ಎಂದಳು. ಕಣ್ಣಲ್ಲಿ ನೀರು. ಅಷ್ಟು ಮೆತ್ತನೆಯ ದನಿ ಅವಳದೆಂದು ನಂಬಲು ನನಗೆ ಹೊತ್ತು ಹಿಡಿಯಿತು. ತುಕ್ಕು ಹಿಡಿದ ತಗಡನ್ನು ಅವಳ ಮಗ ಎರಡು ತುಂಡು ಮಾಡಿ ಬಚ್ಚಲಿಗೆ ಬಾಗಿಲು ಮಾಡಿಕೊಂಡ.

ಅವಳ ಜಾಗಕ್ಕೆ ಕಡವಿನವರು ಆರಿಸಿದ್ದು ನನ್ನ ಓರಗಿತ್ತಿ ಚೆಲುವಾಜಮ್ಮನನ್ನು. ನನ್ನ ಗಂಡ ನಿಂಗರಾಜು ದೋಣಿ ನಡೆಸುವವನು. ಅವನ ತಮ್ಮ ಚಿಕ್ಕಲಿಂಗ ಜೊತೆಯಲ್ಲಿ ಗಳ ಹಾಕುವವನು. ಆ ಚಿಕ್ಕಲಿಂಗನ ಹೆಂಡತಿ ಚೆಲುವಿ. ದೋಣಿಯಲ್ಲಿ ತನ್ನವರಿದ್ದರೆ ಕೂಗುವವಳ ಗಮನ ಆಚೀಚೆ ಹೋಗುವುದಿಲ್ಲ ಎಂಬುದು ಹಿಂದಿನಿಂದ ಬಂದ ಕ್ರಮ. ಚೆಲುವಿಯ ಕಿವಿಯೂ ಚುರುಕು, ಗಾಬರಿ ಬೀಳುವ ಜಾತಿಯಲ್ಲ. ಗಾಬರಿಯೆಲ್ಲ ನನ್ನ ಪಾಲಿಗೆ ಬಂದಿತ್ತಲ್ಲ.

ಅವಳದೊಂದು ಒಳ್ಳೆಯ ಪಟ ತೆಗೆಸಬೇಕೆಂದು ನಾನು ಹಿಂದೆ ಬಿದ್ದೆ. ಇವತ್ತು ಮಗಳು ಹಂಸಳಿಗೆ ಜ್ವರ, ನಾಳೆ ರಾಗಿ ಒಣಗಿಸಬೇಕು, ನಾಳಿದ್ದು ತಲೆ ಬಾಚಿಲ್ಲ. ಧನುರ್ಮಾಸಕ್ಕೆ ಬರುವ ಮಂಜು ಈ ಸಲ ಕಾರ್ತಿಕದಲ್ಲೇ ಹೊಳೆಯ ಮೇಲೆ ಇಣುಕಿತು. ಕಡವಿನ ಯಜಮಾನರು ನಂಜೇದೇವರು ಅಂಗಡಿ ಬಾಗಿಲಿಗೆ ಬಂದು ನಿಂತರು. "ಇಂದ್ರಾಣಮ್ಮ, ಇನ್ನು ತಡ ಮಾಡಂಗಿಲ್ಲ. ಇರೋ ಪಟನೇ ಹಾಕಿ," ಎಂದರು. ಇದ್ದದ್ದು ಯಾರದೋ ಮದುವೆಯಲ್ಲಿ ಯಾರೋ ಫೋನಿನಲ್ಲಿ ತೆಗೆದು, ಇನ್ಯಾರಿಗೋ ಕಳಿಸಿ, ಅಲ್ಲಿಂದ ನನಗೆ ಬಂದ ಪಟ. ಕಳಿಸಿದಷ್ಟು ಸಲವೂ ಫೋನು ಅದನ್ನು ಹಿಂಡಿತ್ತು. ಸಾಲದ್ದಕ್ಕೆ ಪಟ ಉದ್ದಕ್ಕಿತ್ತು, ಕಟ್ಟೆಯ ಚೌಕಟ್ಟು ಅಡ್ಡಕ್ಕೆ. ಎಳೆದರೆ ವೀರಭದ್ರಪ್ಪನ ಕತೆ. ಎಳೆಯಲಿಲ್ಲ. ಮುಖ ಮತ್ತು ಭುಜ ಉಳಿಸಿ ಕತ್ತರಿಸಿ, ಎರಡೂ ಪಕ್ಕಕ್ಕೆ ನೀಲಿ ಬಣ್ಣ ತುಂಬಿ, ಹಗ್ಗ ಕಟ್ಟುವ ಉಂಗುರಗಳಿಗೆ ಸುತ್ತಲೂ ಅಂಚು ಬಿಟ್ಟೆ. ಕಂಪ್ಯೂಟರಿನ ಪರದೆಯ ಮೇಲೆ ಚೆಲುವಿ ಲಕ್ಷಣವಾಗಿ ನಗುತ್ತಿದ್ದಳು. ಪರದೆಯ ಮೇಲೆ ಯಾರು ತಾನೇ ಚೆನ್ನಾಗಿ ಕಾಣುವುದಿಲ್ಲ! ಅಚ್ಚಾಗುವ ಅಳತೆಗೆ ಹಿಗ್ಗಿಸಿ ನೋಡಿದೆ. ಅವಳ ಮೂಗು ಇದ್ದಲ್ಲಿ ಹಾಸುಗಲ್ಲಿನಂಥ ಚೌಕಗಳು.

ಫ್ಲೆಕ್ಸ್ ಮಷಿನ್ ಇರುವುದು ಪಕ್ಕದ ಪೇಟೆಯಲ್ಲಿ. ಅಲ್ಲಿಂದ ಮುನೀರ್ ಫೋನ್ ಮಾಡಿದ. "ಅಕ್ಕಾ, ಇಷ್ಟು ದೊಡ್ಡದಕ್ಕೆ ಫೋಟೊ ಒಡೀತದೆ."

"ಏನು ಮಾಡೋದಪ್ಪ ಮತ್ತೆ?"

"ಎಲ್ಲಿ ಕಟ್ಟೋದು? ಮೇಲೇನಾ? ದೂರದಿಂದ ನೋಡೋದಾದ್ರೆ ನಡೀತದೆ ಬಿಡಿ."

ಆ ಮಾತನ್ನು ಮುನೀರ್ ಎಲ್ಲ ಗಿರಾಕಿಗಳಿಗೂ ಹೇಳುತ್ತಾನೆ. ಹಾಗಾಗಿ ಅದು ಒಂದು ಕಿವಿಯಿಂದ ಹೊಕ್ಕು ಇನ್ನೊಂದರಿಂದ ಹೋಯಿತು. ಅದೇ ಪಟವನ್ನು ಟಿಕೆಟ್ ಕೊಡುವ ಕಿಟಕಿಯ ಪಕ್ಕ ಅಂಟಿಸಲು ಮೂರಕ್ಕೆ ಎರಡು ಅಡಿಯಲ್ಲೂ ಒಂದು ತೆಗೆ ಎಂದು ಹೇಳಿ ಫೋನಿಟ್ಟೆ.

ಪಟ ಕಟ್ಟಿದ್ದು ಮರುದಿನ ಸಂಜೆ, ಹೊತ್ತು ಮುಳುಗುವ ಮುಂಚೆ. ನಿಂಗರಾಜು ಮತ್ತು ಚಿಕ್ಕಲಿಂಗ ಬೆಳಗಿನ ಮೊದಲ ದೋಣಿ ತರಲು ಆಗಲೇ ಆಚೆ ದಡಕ್ಕೆ ಹೋಗಿ ಅಲ್ಲೇ ಉಳಿದಿದ್ದರು. ಕಡವಿನ ಮೆಟ್ಟಿಲುಗಳ ತುಂಬ ಜನ. ಬಿದಿರಿನ ಚೌಕಟ್ಟಿಗೆ ಹಗ್ಗ ಬಿಗಿದರು. ನಂಜೇದೇವರು ಕಾಯಿ ಒಡೆದರು. ಚೆಲುವಿ ಸೆರಗು ಸಿಕ್ಕಿಸಿಕೊಂಡು ಕಟ್ಟೆ ಹತ್ತಿ ಬಾಯಿ ತೆರೆದಳು.

ಬಂದದ್ದು ಮಾತಲ್ಲ. ದೊಡ್ಡ ಬೀಸುಕಲ್ಲಿನಲ್ಲಿ ಹುರುಳಿ ಹಾಕಿ ಗರಗರ ತಿರುಗಿಸಿದಂಥ ಸದ್ದು. ಸದ್ದೇನೋ ದೊಡ್ಡದೇ, ಮೆಟ್ಟಿಲ ಕಲ್ಲು ಅದುರುವಷ್ಟು. ಆದರೆ ಅದರಲ್ಲಿ ಎಡ ಯಾವುದು, ಬಲ ಯಾವುದು, ದೇವರೇ ಹೇಳಬೇಕು. ಚೆಲುವಿ ಮತ್ತೊಮ್ಮೆ ಕೂಗಿದಳು. ಮತ್ತೆ ಅದೇ ಗರಗರ. ಮೆಟ್ಟಿಲ ಮೇಲಿನವರು ಒಬ್ಬೊಬ್ಬರಾಗಿ ತಿರುಗಿ ನನ್ನನ್ನು ನೋಡಿದರು.

"ಏನವ್ವ ಇದು?" ಎಂದರು ನಂಜೇದೇವರು. ಬೈದಿದ್ದರೆ ವಾಸಿಯಿತ್ತು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಹೆದರಿಕೆ ಇತ್ತು. "ನಾಳೆ ಮಂಜು ಬೀಳ್ದೆ ಇರ್ಲಿ ಅಂತ ಗಂಗಮ್ಮನಿಗೆ ಕೈ ಮುಗೀರಿ ಎಲ್ಲಾರೂವೆ."

ಕೈ ಮುಗಿದೆವು. ಬೆಳಗ್ಗೆ ಬಾಗಿಲು ತೆಗೆದರೆ ಅಂಗಳದ ತುಳಸಿಕಟ್ಟೆಯೇ ಕಾಣಲಿಲ್ಲ.

ನಾನು ಹೇಗೆ ಕಡವಿಗೆ ಹೋದೆನೋ ತಿಳಿಯದು. ಕಾಲಿಗೆ ಗೊತ್ತಿದ್ದ ದಾರಿ, ಅದೇ ಕರೆದುಕೊಂಡು ಹೋಯಿತು. ಕೂಗು ಕೇಳದೆ ಆಚೆ ದಡದಲ್ಲಿ ದೋಣಿ ಬಿಚ್ಚುವುದಿಲ್ಲ ಎಂಬ ಒಂದು ಆಸೆ ಉಳಿದಿತ್ತು. ಆದರೆ ನಾನು ಹೋಗುವಷ್ಟರಲ್ಲಿ ಚೆಲುವಿ ಕೂಗಿಬಿಟ್ಟಿದ್ದಳು. ಕೂಗದೆ ಇರುವುದು ಹೇಗೆ? ದೋಣಿಯಲ್ಲಿ ಆಚೆ ಊರಿನ ಬಾಣಂತಿಯೊಬ್ಬಳನ್ನು ಆಸ್ಪತ್ರೆಗೆ ಕರೆತರುವುದಿತ್ತು, ಅದು ಎಲ್ಲರಿಗೂ ಗೊತ್ತಿತ್ತು. ಹೊಳೆಯ ಒಳಗೆಲ್ಲೋ ತಗಡಿನ ಸದ್ದು ಕೇಳಿಸಿತು. ಟಣ್, ಟಣ್. ದೋಣಿ ಹೊರಟಾಗಿತ್ತು.

"ಬರೀ ಸದ್ದು ಕೇಳಿ ಬಿಚ್ಚವ್ರೆ ಕಣ್ರೋ," ಎಂದರು ನಂಜೇದೇವರು ತಲೆಯ ಮೇಲೆ ಕೈ ಹೊತ್ತು. "ಮಾತು ಕೇಳಿಲ್ಲ, ಸದ್ದು ಕೇಳವ್ರೆ. ನಡುನೀರ್ಗೆ ಬಂದ್ಮೇಲೆ ಏನ್ಮಾಡ್ತಾರೆ?"

ಯಾರೋ ದೇವೀರಮ್ಮನ ತಗಡು ತನ್ನಿ ಎಂದರು. ಬಚ್ಚಲ ಬಾಗಿಲಾದದ್ದನ್ನು ಇನ್ಯಾರೋ ನೆನಪಿಸಿದರು. ಆಗ ಒಬ್ಬರು ಟಿಕೆಟ್ ಕಿಟಕಿಯ ಪಕ್ಕದ ಚಿಕ್ಕ ಪಟ ತೋರಿಸಿದರು. "ಇದು ಚೆನ್ನಾಗಿ ಬಂದದಲ್ಲ? ದೊಡ್ಡದನ್ನ ಇಳ್ಸಿ. ಚಿಕ್ಕದಾದ್ರೂ ಮಾತು ಮಾತಿನಂಗಿರ್ತದೆ." ನಿಜವೇ, ಆ ಅಳತೆಯಲ್ಲಿ ಚೆಲುವಿಯ ಮುಖ ತಿದ್ದಿದಂತಿತ್ತು. ಆದರೆ ಆ ದನಿ ಎಷ್ಟು ದೂರ ಹೋದೀತು? ಬೀದಿಯ ಈ ತುದಿಯಿಂದ ಆ ತುದಿಗೆ. ಎಲ್ಲರೂ ನನ್ನ ಬಾಯಿಯನ್ನೇ ನೋಡಿದರು. ನನ್ನ ತಲೆಯಲ್ಲಿ ಆನೆಬಂಡೆ, ಹೂವಿನ ಬುಟ್ಟಿ, ನಿಂಗರಾಜುವಿನ ಕಂದು ಬಣ್ಣದ ಮಫ್ಲರು, ಇಷ್ಟೇ ಸುತ್ತುತ್ತಿತ್ತು.

"ಇಳಿಸಿ," ಎಂದೆ. "ನಾನು ಸೇತುವೆ ತುದಿಗೆ ಹೋಗ್ತೀನಿ. ಚಿಕ್ಕದರ ದನಿ ಅಲ್ಲಿಗೆ ಮುಟ್ಟುತ್ತೋ ಇಲ್ವೋ ಫೋನ್ ಮಾಡಿ ಹೇಳ್ತೀನಿ."

ಮುರಿದ ಸೇತುವೆ ದಡದಿಂದ ಹೊರಟು ನಡುಹೊಳೆಯವರೆಗೆ ಹೋಗಿ ನಿಂತುಬಿಟ್ಟಿದೆ. ಅದರ ಮೇಲೆ ಯಾರೂ ಹೋಗುವುದಿಲ್ಲ, ಕಟಕಟೆ ಎಲ್ಲ ಕುಸಿದಿದೆ. ನಾನು ಕೂತು, ಕೈಯೂರಿ, ಅಲ್ಲಲ್ಲಿ ಅಂಬೆಗಾಲಿಟ್ಟು ಹೋದೆ. ಕೆಳಗೆ ನೀರು ಕಾಣುತ್ತಿರಲಿಲ್ಲ, ಅದರ ಸದ್ದು ಮಾತ್ರ. ಅರ್ಧ ದಾರಿಗೆ ಬಂದಾಗ ತಗಡು ಮತ್ತೆ ಕೇಳಿಸಿತು. ಈಗ ಹತ್ತಿರ. ದೋಣಿಯವರ ಎಡಕ್ಕಿತ್ತು, ತೀರ ಎಡಕ್ಕೆ. ಬಂಡೆಯ ಕಡೆಗೆ.

ಆಗ ಚೆಲುವಿ ಕೂಗಿದಳು.

"ಬಲಕ್ ಬಾ ಬಾವಾ... ಬಲಕ್ ತಿರುಗ್ಸು... ಇನ್ನೂ ಬಲಕ್ಕೆ..."

ನಾನು ಹಾಗೇ ಕೂತೆ. ಗರಗರ ಇಲ್ಲ, ಬೀಸುಕಲ್ಲಿಲ್ಲ. ಮಂಜಿನೊಳಗಿಂದ ಚೆಲುವಿಯ ದನಿ ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ, ಹೊಸದಾಗಿ ತೊಳೆದ ಪಾತ್ರೆಯ ಹಾಗೆ ಬಂತು. ಚಿಕ್ಕ ಪಟ ಇಷ್ಟು ದೂರ ಮುಟ್ಟಿತೇ ಎಂದುಕೊಂಡೆ. ಇಲ್ಲ, ಇದು ಚಿಕ್ಕದರ ದನಿಯಲ್ಲ; ಕೂತ ಕಲ್ಲು ಸಣ್ಣಗೆ ಅದುರುತ್ತಿತ್ತು. ಇದು ಹನ್ನೆರಡಕ್ಕೆ ಎಂಟರದೇ. ದೂರದಿಂದ ನೋಡೋದಾದ್ರೆ ನಡೀತದೆ ಬಿಡಿ. ಮುನೀರನ ಮಾತು ಈಗ ಬಂದು ಎದೆಗೆ ಬಡಿಯಿತು. ಮೆಟ್ಟಿಲ ಮೇಲೆ ನಿಂತ ನಾವೆಲ್ಲ ಮೂಗಿಗೆ ತಾಗುವಷ್ಟು ಹತ್ತಿರದಿಂದ ಕೇಳಿ, ದೂರದವರಿಗೆ ಅಚ್ಚಾದ ದನಿಯನ್ನು ಕೆಟ್ಟಿದೆ ಎಂದುಬಿಟ್ಟೆವು. ಕೇಳಬೇಕಾದವನು ನಿಂತ ಜಾಗದಿಂದ ಕೇಳಿ ನೋಡುವ ಬುದ್ಧಿ ಊರಿನಲ್ಲಿ ಒಬ್ಬರಿಗೂ ಬರಲಿಲ್ಲ, ಅಳೆಯುವುದೇ ಕಸುಬಾದ ನನಗೂ ಬರಲಿಲ್ಲ.

"ಇನ್ನೂ ಬಲ..." ಎಂದ ದನಿ ಅಲ್ಲಿಗೇ ಕುಗ್ಗಿತು. ಅರ್ಧಕ್ಕರ್ಧ ಇಳಿದು, ಮಂಜಿನಲ್ಲಿ ನೆನೆದು ಹೋಯಿತು. ದಡದಲ್ಲಿ ಒಂದು ಪಕ್ಕದ ಹಗ್ಗ ಬಿಚ್ಚಿದ್ದರು. ಪಟ ಮಡಿಚಿಕೊಂಡಿರಬೇಕು. ಇಳಿಸಿ ಎಂದವಳು ನಾನೇ.

ನಂಜೇದೇವರಿಗೆ ಫೋನ್ ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಕೈಯಲ್ಲಿ ಹಗ್ಗ ಹಿಡಿದವರು ಫೋನು ಎತ್ತುವುದು ಹೇಗೆ? ಮತ್ತೆ ಮಾಡಿದೆ. ಎದ್ದು ನಿಂತು "ಇಳಿಸ್ಬೇಡಿ" ಎಂದು ಕಿರುಚಿದೆ. ನನ್ನ ಹೆಬ್ಬೆರಳಗಲದ ದನಿ ನನ್ನ ಕಾಲಬುಡಕ್ಕೇ ಬಿತ್ತು. ತಗಡು ಟಣ್ ಟಣ್ ಎಂದು ಪ್ರಶ್ನೆ ಕೇಳುತ್ತಿತ್ತು, ಉತ್ತರ ಹೇಳುವವರಿಲ್ಲ. ಆ ಪ್ರಶ್ನೆ ಕೇಳುತ್ತಿದ್ದವನು ನನ್ನ ಗಂಡ. ಕೊನೆಗೆ ಚೆಲುವಿಗೇ ಮಾಡಿದೆ. ಅವಳು ಎತ್ತಿದಳು. ಕಿವಿಗೆ ಬೀಸುಕಲ್ಲು ಗರ್ರೆಂದಿತು. ಅದರ ಬೆನ್ನಿಗೇ, ಹೊಳೆಯ ಮೇಲಿಂದ, ಸೋತುಹೋದ ಆದರೆ ತಿಳಿಯಾದ ದನಿ ಬಂತು: "ಅಕ್ಕಾ, ಏನಕ್ಕಾ?"

"ಚೆಲುವಿ, ಪಟ ಇಳಿಸೋಕೆ ಬಿಡಬೇಡ. ನಿನ್ನ ಮಾತು ಇಲ್ಲಿ ಸರಿಯಾಗಿ ಕೇಳ್ತಿದೆ. ದೋಣಿ ಬಂಡೆ ಹತ್ರ ಐತೆ. ಬಿಡಬೇಡ!"

ಹೇಳಿದ ಮೇಲೆ ಹೊಳೆಯಿತು. ಅವಳಿಗೆ ಅರ್ಥವಾಗಿ ಏನು ಬಂತು? ಪಕ್ಕದಲ್ಲಿ ನಿಂತವರಿಗೆ ಅದನ್ನು ಹೇಳುವುದಾದರೂ ಹೇಗೆ? ಅವಳು ಬಾಯಿ ತೆರೆದರೆ ಅವರಿಗೆ ಕೇಳುವುದು ಹುರುಳಿ ಬೀಸುವ ಸದ್ದು.

ಅಲ್ಲಿ ನಡೆದದ್ದನ್ನು ಆಮೇಲೆ ನಂಜೇದೇವರೇ ಹೇಳಿದರು. ಚೆಲುವಿ ಫೋನು ಬಿಸಾಕಿದಳಂತೆ. ಗರಗರ ಎನ್ನುತ್ತ ಬಿಚ್ಚುತ್ತಿದ್ದವನ ಕೈಯಿಂದ ಹಗ್ಗ ಕಿತ್ತುಕೊಂಡು, ಅವನನ್ನು ಮೆಟ್ಟಿಲಿಗೆ ತಳ್ಳಿ, ಬಿದಿರು ಹತ್ತಿ, ಮಡಿಚಿಕೊಂಡಿದ್ದ ಪಟದ ಮೂಲೆಯನ್ನು ಮೇಲಕ್ಕೆಳೆದು ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡು ನೇತುಬಿದ್ದಳಂತೆ. ಮೈಮೇಲೆ ಗಾಳಿ ಬಂದಿದೆ ಎಂದು ಹೆಂಗಸರು ಹಿಂದೆ ಸರಿದರಂತೆ. "ಇಳಿಯವ್ವ, ಬಿದ್ದೀಯೆ, ಅಂತ ನಾವ್ ಕೂಗ್ತಾ ಇದ್ರೆ ಅವ್ಳು ನಮ್ ಕಡೆ ನೋಡ್ಲೇ ಇಲ್ಲ ಕಣಮ್ಮ. ಹೊಳೆ ಕಡೆ ನೋಡ್ಕಂಡು ಕೂಗ್ದಳು ಕೂಗ್ದಳು."

ಸೇತುವೆಯ ಮೇಲೆ ನನಗೆ ಕೇಳಿದ್ದು ಬೇರೆ. ನೆನೆದುಹೋದ ದನಿ ಇದ್ದಕ್ಕಿದ್ದಂತೆ ತುಂಬಿಕೊಂಡು ಎದ್ದಿತು. "ಬಾವಾ, ಬಲಕ್ಕೆ! ಬಂಡೆ ಅದೆ, ಬಲಕ್ಕೆ! ಲೇ ಇವ್ರೇ, ಗಳ ಒತ್ತಿ, ಜೋರಾಗ್ ಒತ್ತಿ!" ಗಂಡನಿಗೆ 'ಲೇ' ಎಂದದ್ದನ್ನು ಮಂಜಿನಾಚೆಯ ಊರೆಲ್ಲ ಕೇಳಿತು. ತಗಡಿನ ಸದ್ದು ಬಂಡೆಯ ಕಡೆಯಿಂದ ಸರಿಯಿತು. ಸ್ವಲ್ಪ ಸರಿಯಿತು, ನಿಂತಿತು, ಮತ್ತೆ ಸರಿಯಿತು. "ಸಾಕು. ಈಗ ನೇರ. ನೇರ ಬನ್ನಿ." ನಾನು ಬಾಯಿಗೆ ಸೆರಗು ತುರುಕಿಕೊಂಡು ಕೂತಿದ್ದೆ. ಕಂಬದ ಬುಡದಲ್ಲೇ ನೀರು ಸೀಳಿದ ಸದ್ದಾಗಿ ಮಂಜಿನೊಳಗಿಂದ ದೋಣಿಯ ಮೂಗು, ಆಮೇಲೆ ಕಂದು ಮಫ್ಲರು ಕಂಡಿತು.

ನಿಂಗರಾಜು ತಲೆಯೆತ್ತಿ ನೋಡಿದ. "ಏನೇ, ಬೆಳಬೆಳಗ್ಗೆ ಅಲ್ ಹತ್ಕಂಡು ಏನ್ ಮಾಡ್ತಿದ್ದೀಯೆ?"

ನನಗೆ ನಗುವೋ ಅಳುವೋ ತಿಳಿಯಲಿಲ್ಲ, ಎರಡೂ ಬಂತು. "ಚೆಲುವಿ ಮಾತು ಕೇಳ್ತಾ?" ಎಂದೆ.

"ಪಕ್ಕದಲ್ ಕೂತು ಹೇಳ್ದಂಗಿತ್ತು. ನಡುವೆ ಒಂದ್ ಗಳಿಗೆ ಯಾಕೋ ಸುಮ್ನಾದ್ಲು ನೋಡು, ಜೀವ ಬಾಯಿಗ್ ಬಂದಿತ್ತು," ಎಂದ. ಬಾಣಂತಿ ಮಗುವನ್ನು ಎದೆಗವಚಿಕೊಂಡು ಕಣ್ಣು ಮುಚ್ಚಿ ಕೂತಿದ್ದಳು. ದೋಣಿ ದಡದ ಕಡೆಗೆ ಹೋಯಿತು.

ಆ ದಿನ ನಮ್ಮಿಬ್ಬರಿಗೂ ಸಿಕ್ಕ ಮರ್ಯಾದೆ ಅಷ್ಟಿಷ್ಟಲ್ಲ. ನಿನ್ನೆ ನನ್ನನ್ನು ನುಂಗುವಂತೆ ನೋಡಿದವರೇ ಇವತ್ತು ಹೂವು ತಂದುಕೊಟ್ಟರು. ನಾನು ಮಾತ್ರ ಪೇಟೆಯಿಂದ ಕ್ಯಾಮೆರಾದವನನ್ನು ಕರೆಸಿ, ಚೆಲುವಿಯನ್ನು ಬಿಸಿಲಿನಲ್ಲಿ ನಿಲ್ಲಿಸಿ, ಹತ್ತಿರಕ್ಕೂ ದೂರಕ್ಕೂ ಸಲ್ಲುವಂಥ ಪಟ ತೆಗೆಸಿದೆ. ಅಡ್ಡಕ್ಕೇ ತೆಗೆಸಿದೆ. ಅದನ್ನು ಅಚ್ಚು ಮಾಡಿಸಿ ಈ ಫ್ಲೆಕ್ಸ್ ಬದಲಿಸೋಣ ಎಂದರೆ ನಂಜೇದೇವರು ಎರಡೂ ಕೈ ಅಡ್ಡ ಹಿಡಿದರು. "ದೋಣಿ ದಡ ಸೇರ್ತಾ ಅದೆ. ಸರಿಯಾಗಿರೋದನ್ನ ಮುಟ್ಬ್ಯಾಡ ಕಣಮ್ಮ. ಮಂಜಿನ ಕಾಲ ಕಳೀಲಿ." ಅವರನ್ನು ದೂರುವಂತಿಲ್ಲ. ಒಮ್ಮೆ ಆ ಹಗ್ಗ ಬಿಚ್ಚಿ ಕಂಡದ್ದು ಅವರ ಕಣ್ಣಿನಿಂದ ಹೋಗಿರಲಿಲ್ಲ. ಹೊಸ ಫೈಲು ಕಂಪ್ಯೂಟರಿನಲ್ಲೇ ಕೂತಿತು.

ಹೀಗೆ ಚೆಲುವಿ ಹೊಳೆಯವರಿಗೆ ದಕ್ಕಿದಳು, ಮನೆಯವರಿಗೆ ದಕ್ಕಲಿಲ್ಲ. ಅವಳು ಒಲೆಯ ಮುಂದೆ ಏನಾದರೂ ಹೇಳಿದರೆ ಪಾತ್ರೆಗಳು ಗಡಗಡ ಎನ್ನುತ್ತಿದ್ದವು. ಹಂಸ ಇನ್ನೂ ಅಂಗನವಾಡಿಗೆ ಹೋಗುವ ಮಗು. ಮೊದಲ ದಿನ ಅಮ್ಮನ ಗರಗರ ಕೇಳಿ ಬಿದ್ದು ಬಿದ್ದು ನಕ್ಕಿತು. ಮರುದಿನ ಅತ್ತಿತು. ಆಮೇಲೆ ಅಮ್ಮ ಬಾಯಿ ತೆರೆದರೆ ಓಡಿಬಂದು ನನ್ನ ಸೀರೆಯ ಹಿಂದೆ ಅವಿತುಕೊಳ್ಳತೊಡಗಿತು. ಚೆಲುವಿ ಮನೆಯಲ್ಲಿ ಮಾತು ಬಿಟ್ಟಳು. ಊಟಕ್ಕೆ ಬಾ ಎಂದು ಕೈಸನ್ನೆ, ಮಲಗು ಎಂದು ಕೈಸನ್ನೆ. ಒಂದು ಮಧ್ಯಾಹ್ನ ಮಗಳ ತಲೆ ಬಾಚುತ್ತ ಅವಳು ಸುಮ್ಮನೆ ಕೂತಿದ್ದಾಗ, ಹಂಸ ನನ್ನ ಕಡೆ ತಿರುಗಿ, "ದೊಡ್ಡವ್ವ, ಅವ್ವ ಯಾವಾಗ್ ವಾಪಸ್ ಬತ್ತಾಳೆ?" ಎಂದು ಕೇಳಿದಳು. ಬಾಚಣಿಗೆ ನಿಂತಿತು. ಚೆಲುವಿ ನನ್ನನ್ನು ನೋಡಿದಳು. ಅವಳು ಬೈಯಲಾರಳು, ಅಳಲೂ ಆರಳು. ಅತ್ತರೆ ಹೆಂಚು ಹಾರುತ್ತದೆ. ಆ ನೋಟದ ಮುಂದೆ ನನಗೆ ಕೂರಲಾಗಲಿಲ್ಲ.

ಆ ಸಂಜೆ ಆಕಾಶ ತಿಳಿಯಾಗಿತ್ತು. ಹಂಸಳನ್ನು ಕಂಕುಳಲ್ಲಿ ಎತ್ತಿಕೊಂಡು, ದೋಣಿಯ ತಗಡು ಮತ್ತು ಕೋಲು ಹಿಡಿದು, ಮುರಿದ ಸೇತುವೆಯ ತುದಿಗೆ ಹೋಗಿ ಕೂತೆ. ಚೆಲುವಿ ಕಟ್ಟೆ ಹತ್ತಿ ನಿಂತದ್ದು ದೂರದಲ್ಲಿ ಬೆರಳುದ್ದ ಕಾಣುತ್ತಿತ್ತು.

"ಹಂಸೂ... ಕೇಳ್ತಾ ಇದ್ಯಾ ಕೂಸೇ?"

ಹಂಸ ದಡದತ್ತ ತಿರುಗಿದಳು. "ಅವ್ವ!" ಎಂದು ಕೂಗಿದಳು. ಎಲ್ಲೂ ಅಚ್ಚಾಗದ ಮಗುವಿನ ದನಿ. ನನ್ನ ಭುಜ ದಾಟಲಿಲ್ಲ. ಕೈಗೆ ಕೋಲು ಕೊಟ್ಟೆ. ಟಣ್ ಎಂದು ಬಡಿದಳು. ಅಲ್ಲಿಂದ ನಗು ಕೇಳಿಸಿತು, ಚೆಲುವಿಯದೇ ನಗು, ಚೂರೂ ಒಡೆಯದ್ದು.

"ಉಂಡ್ಯಾ?"

ಟಣ್.

"ಕಾಲ್ಗೆ ಚಪ್ಪಲಿ ಹಾಕ್ಕಂಡಿದ್ದೀಯಾ?"

ಹಂಸ ಬರಿಗಾಲನ್ನು ಲಂಗದೊಳಗೆ ಎಳೆದುಕೊಂಡಳು. ಟಣ್.

ಹೊತ್ತು ಮುಳುಗುವವರೆಗೆ ಹೀಗೇ ನಡೆಯಿತು. ಅಂಗನವಾಡಿಯ ಸುದ್ದಿ, ಕರು ಹಾಕಿದ ಹಸುವಿನ ಸುದ್ದಿ, ಒಂದು ಅರ್ಧಂಬರ್ಧ ಕತೆ. ಆಚೆ ದಡದಲ್ಲಿ ಬಟ್ಟೆ ಒಗೆಯುತ್ತಿದ್ದವರು ಕೈ ನಿಲ್ಲಿಸಿ ಕೇಳುತ್ತಿದ್ದರು. ಕೊನೆಗೆ ಚೆಲುವಿ, "ಕತ್ಲಾಯ್ತು ಕೂಸೇ. ನಾನೇ ಅಲ್ಲಿಗ್ ಬಂದು ಎತ್ಕೊಳ್ಳಾ?" ಎಂದಳು.

ಹಂಸ ಕೋಲೆತ್ತಿದಳು. ಎತ್ತಿದವಳು ಬಡಿಯ ಹೋಗಿ ತಡೆದು, ನನ್ನ ಮುಖ ನೋಡಿ, ಕೋಲನ್ನು ಸದ್ದಾಗದಂತೆ ಮಡಿಲಲ್ಲಿ ಇಟ್ಟುಕೊಂಡಳು.

"ಬ್ಯಾಡ ಅನ್ನು ದೊಡ್ಡವ್ವ," ಎಂದಳು ಮೆಲ್ಲಗೆ. "ಅವ್ವ ಅಲ್ಲೇ ಇರ್ಲಿ. ಹತ್ರ ಬಂದ್ರೆ ಹೊಂಟೋಯ್ತಾಳೆ."

ದಡದ ಮೇಲೆ ಚೆಲುವಿ ತಗಡಿನ ಸದ್ದಿಗಾಗಿ ಕಿವಿಗೊಟ್ಟು ನಿಂತೇ ಇದ್ದಳು.